ಎರಡನೇ ನಂಬರಿಗೆ ಬಂದ ಕರೆ

ನನ್ನ ಹೆಸರು ಮೈತ್ರೇಯಿ, ತಂದೆ ಅನಂತಪದ್ಮನಾಭ, ವಯಸ್ಸು 44 ವರ್ಷ, ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿ, ವಾಸ ಬನಶಂಕರಿ ಎರಡನೇ ಹಂತ, ಬೆಂಗಳೂರು. ದಿನಾಂಕ 18-11-2025, ಮಂಗಳವಾರ ಸಂಜೆ 7.30ಕ್ಕೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ:

ನನ್ನ ಬಳಿ ಎರಡು ಮೊಬೈಲ್ ನಂಬರ್‌ಗಳಿವೆ. ಮೊದಲನೆಯದು ಮನೆಯವರಿಗೆ, ಕಚೇರಿಗೆ ಮತ್ತು ಬ್ಯಾಂಕಿಗೆ ಮಾತ್ರ ಗೊತ್ತು. ಎರಡನೆಯದನ್ನು ಈ ವರ್ಷ ಮಾರ್ಚ್‌ನಲ್ಲಿ ತೆಗೆದುಕೊಂಡೆ. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಡೆಲಿವರಿ, ಹೀಗೆ ಬಿಲ್ ಹಾಕುವ ಮೊದಲೇ ನಂಬರ್ ಕೇಳುವವರಿಗೆಲ್ಲ ಇದನ್ನು ಕೊಡುತ್ತೇನೆ. ಈ ನಂಬರಿಗೆ ಯಾರು ಕರೆ ಮಾಡಿದರೂ ಹೆಸರು ಹೇಳುವುದಿಲ್ಲ. ‘ಹೇಳಿ’ ಎಂದಷ್ಟೇ ಹೇಳುತ್ತೇನೆ. ಇದು ನಾನೇ ಮಾಡಿಕೊಂಡ ನಿಯಮ.

ಈ ನಂಬರ್ ಹಿಂದೆ ಬೇರೊಬ್ಬರದಾಗಿತ್ತು ಎಂಬುದು ಜೂನ್‌ನಲ್ಲಿ ಶಾಲೆಗಳು ತೆರೆದ ಮೇಲೆ ತಿಳಿಯಿತು. ಪ್ರತಿದಿನ ಮಧ್ಯಾಹ್ನ ಒಂದು ಶಾಲೆಯಿಂದ, ಮೂರನೇ ತರಗತಿಯ ತನ್ಮಯಿ ವ್ಯಾನ್ ಹತ್ತಿದ್ದಾಳೆ, ಇಳಿಯುವ ಸ್ಥಳ ಇಂಥದು ಎಂದು ಮೆಸೇಜ್ ಬರುತ್ತಿತ್ತು. ತಿಳಿಸಬೇಕೆಂದು ಮೂರು ಸಲ ಅಂದುಕೊಂಡೆ. ತಿಳಿಸಿದರೆ ನಾನು ಯಾರೆಂದು ಹೇಳಬೇಕಾಗುತ್ತದೆ ಎಂದು ಬಿಟ್ಟೆ. ಸೆಪ್ಟೆಂಬರ್‌ನಲ್ಲಿ ಒಮ್ಮೆ ಒಬ್ಬ ಗಂಡಸು ಕರೆ ಮಾಡಿ ರೇಖಾ ಇದ್ದಾಳಾ ಎಂದು ಕೇಳಿದ. ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ.

ಇಂದು ಮಧ್ಯಾಹ್ನ 3.10ಕ್ಕೆ ಎಂದಿನ ಮೆಸೇಜ್ ಬಂತು. 3.14ಕ್ಕೆ ಅದೇ ನಂಬರಿಗೆ ಕರೆ ಬಂತು. ‘ಮೇಡಂ, ಸ್ಕೂಲ್ ವ್ಯಾನ್ ಡ್ರೈವರ್ ಮಾತಾಡ್ತಿರೋದು. ಹೊಸಬ ನಾನು. ರೇಖಾ ಅವ್ರ ಮಗು ತನ್ಮಯಿನ ಎಲ್ಲಿ ಇಳಿಸ್ಬೇಕು ಗೊತ್ತಾಗ್ತಿಲ್ಲ. ನಿಮ್ ಫೋನಿಗೆ ಮೆಸೇಜ್ ಬಂದಿರತ್ತಲ್ಲ, ನೋಡಿ ಹೇಳಿ. ಮಗು ಅಳ್ತಿದೆ’ ಎಂದು ಒಬ್ಬಾತ ಹೇಳಿದ. ಸಾರಕ್ಕಿ ಮಾರ್ಕೆಟ್ ಹಿಂದಿನ ರಸ್ತೆ, ಅರಳಿಕಟ್ಟೆ ಎದುರು, ಹೂವಿನ ಅಂಗಡಿ ಎಂದು ಓದಿ ಹೇಳಿದೆ. ಕರೆ 48 ಸೆಕೆಂಡ್ ಇತ್ತು. ಅಷ್ಟರಲ್ಲಿ ಮಗುವಿನ ಅಳು ನನಗೆ ಕೇಳಿಸಲಿಲ್ಲ. ಅದನ್ನು ಆಗ ಗಮನಿಸಲಿಲ್ಲ.

3.22ರ ಹೊತ್ತಿಗೆ ಕಾಫಿ ಲೋಟ ತೊಳೆಯುತ್ತಿದ್ದೆ. ನನ್ನ ಮಗ ಚಿರಂತ್ ಶಾಲಾ ವ್ಯಾನಿನಲ್ಲಿ ಓಡಾಡಿದ ಎಂಟು ವರ್ಷವೂ ಡ್ರೈವರ್‌ಗಳಿಗೆ ನಾನು ‘ಚಿರಂತ್ ಮಮ್ಮಿ’ ಆಗಿದ್ದೆ. ಒಬ್ಬರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ನಿಜವಾದ ಡ್ರೈವರ್ ಆಗಿದ್ದರೆ ‘ತನ್ಮಯಿ ಮಮ್ಮಿನಾ?’ ಎಂದು ಕೇಳುತ್ತಿದ್ದ. ಈತ ತಾಯಿಯ ಹೆಸರು ಹೇಳಿದ. ಫೋನ್ ಎತ್ತಿದವಳು ತಾಯಿಯಲ್ಲ ಎಂಬುದೂ ಆತನಿಗೆ ಮೊದಲೇ ಗೊತ್ತಿತ್ತು. ಸೆಪ್ಟೆಂಬರಿನ ದನಿ ಆಗ ನೆನಪಾಯಿತು.

ಮೆಸೇಜ್ ಬಂದ ಕಡೆಗೆ ಕರೆ ಮಾಡಿದೆ, ಹೋಗಲಿಲ್ಲ. 3.24ಕ್ಕೆ 112ಕ್ಕೆ ಕರೆ ಮಾಡಿದೆ. ಅದನ್ನೂ ಎರಡನೇ ನಂಬರಿನಿಂದಲೇ ಮಾಡಿದ್ದೆ. ಹೆಸರು ಕೇಳಿದಾಗ ಎರಡು ಸೆಕೆಂಡ್ ಸುಮ್ಮನಿದ್ದೆ. ಆ ಎರಡು ಸೆಕೆಂಡ್ ಯಾಕೆ ಎಂದು ನನ್ನನ್ನು ನಾನೇ ಇನ್ನೂ ಕೇಳಿಕೊಳ್ಳುತ್ತಿದ್ದೇನೆ.

3.28ಕ್ಕೆ ಸ್ಕೂಟರ್‌ನಲ್ಲಿ ಹೊರಟೆ. ದೂರ ಸುಮಾರು ಎರಡೂವರೆ ಕಿಲೋಮೀಟರ್. ಸಾರಕ್ಕಿ ಸಿಗ್ನಲ್‌ನಲ್ಲಿ ಎರಡು ಸಲ ಕೆಂಪು ದೀಪಕ್ಕೆ ನಿಂತೆ. 3.44ಕ್ಕೆ ತಲುಪಿದೆ. ಹೂವಿನ ಅಂಗಡಿಯ ಮೆಟ್ಟಿಲ ಮೇಲೆ ಯೂನಿಫಾರ್ಮ್ ಹಾಕಿದ ಹುಡುಗಿಯೊಬ್ಬಳು ಕುಳಿತಿದ್ದಳು. ಸುಮಾರು 30 ಅಡಿ ದೂರದಲ್ಲಿ ಹೆಲ್ಮೆಟ್ ತೆಗೆಯದ ಒಬ್ಬಾತ ಬೈಕ್ ಆಫ್ ಮಾಡದೆ ನಿಂತಿದ್ದ.

ನಾನು ಮಗುವಿನ ಹತ್ತಿರ ಹೋಗಿ, ಅಮ್ಮ ಕಳಿಸಿದ್ದಾರೆ, ನನ್ನ ಜೊತೆ ಬಾ ಎಂದೆ. ಅದು ಸುಳ್ಳು. ‘ಅಮ್ಮ ಹೇಳಿರೋ ಸೀಕ್ರೆಟ್ ವರ್ಡ್ ಹೇಳಿ ಆಂಟಿ’ ಎಂದಳು. ನನಗೆ ಗೊತ್ತಿರಲಿಲ್ಲ. ಹಾಗಾದರೆ ಅಮ್ಮನ ನಂಬರ್ ಕೊಡು ಎಂದೆ. ‘ಗೊತ್ತಿಲ್ಲದೋರಿಗೆ ನಂಬರ್ ಕೊಡ್ಬಾರ್ದು’ ಎಂದಳು. ಆಕೆಯ ತಾಯಿಯದೆಂದು ನನಗೆ ಗೊತ್ತಿದ್ದ ಒಂದೇ ನಂಬರ್ ನನ್ನ ಚೀಲದಲ್ಲಿತ್ತು.

ಅಷ್ಟರಲ್ಲಿ ಅಂಗಡಿಯ ಅಣ್ಣಮ್ಮ, ಸುಮಾರು 60 ವರ್ಷ, ಎದ್ದು ಬಂದರು. ‘ಯಾರಮ್ಮ ನೀನು, ಮಕ್ಕಳ್ ಹಿಡ್ಕೊಂಡ್ ಹೋಗೋಳಾ? ಕನ್ನಡಕ ಹಾಕ್ಕೊಂಡ್ ಬಂದ್ಬಿಟ್ರೆ ನಂಬ್ಬಿಡ್ತೀವಾ? ಹೆಸ್ರೇಳು, ಮನೆ ಎಲ್ಲಿ ಹೇಳು, ನಂಬರ್ ಹೇಳು’ ಎಂದರು. ಆತ ಬೈಕಿನಿಂದ ಇಳಿದು ಹತ್ತು ಅಡಿಯಷ್ಟು ಹತ್ತಿರ ಬಂದಿದ್ದ. ನಾನು ಅಭ್ಯಾಸದಂತೆ ಎರಡನೇ ನಂಬರಿನ ನಾಲ್ಕು ಅಂಕಿ ಹೇಳಿ ನಿಲ್ಲಿಸಿದೆ. ಆಮೇಲೆ ನನ್ನ ಹೆಸರು, ಮನೆ ವಿಳಾಸ, ಮೊದಲನೇ ನಂಬರ್ ಮೂರನ್ನೂ ಆತನಿಗೆ ಕೇಳಿಸುವಂತೆಯೇ ಹೇಳಿದೆ. ಮೆಲ್ಲಗೆ ಹೇಳಲು ಸಮಯವಿರಲಿಲ್ಲ. ಅಣ್ಣಮ್ಮ ಅಲ್ಲೇ ಡಯಲ್ ಮಾಡಿದರು, ನನ್ನ ಚೀಲದಲ್ಲಿ ರಿಂಗ್ ಆಯಿತು. ಆಗ ಬೈಕಿನವನನ್ನು ತೋರಿಸಿದೆ. ಅವರು ಮಗುವನ್ನು ಒಳಗೆ ಕಳಿಸಿ, ಸೇವಂತಿಗೆ ಬುಟ್ಟಿಯನ್ನು ಬಾಗಿಲಿಗೆ ಅಡ್ಡ ಎಳೆದು ನಿಂತರು.

ಆತ ಹೆಲ್ಮೆಟ್ ತೆಗೆದು, ‘ನನ್ ಮಗಳು. ಕರ್ಕೊಂಡೋಗಕ್ಕೆ ಯಾರಪ್ಪನ ಪರ್ಮಿಷನ್ ಬೇಕು?’ ಎಂದ. ‘ನಿನ್ ಮಗಳೇ ಆದ್ರೆ ಆ ಒಂದು ಮಾತು ಹೇಳಪ್ಪ, ನಾನೇ ಕಳಿಸ್ತೀನಿ’ ಎಂದು ಅಣ್ಣಮ್ಮ ಹೇಳಿದರು. ಆತ ನನ್ನ ಕಡೆ ತಿರುಗಿ, ‘ಅಡ್ರೆಸ್ ನೀವೇ ಹೇಳಿ, ಈಗ ನೀವೇ ಅಡ್ಡ ನಿಂತ್ರೆ ಹೆಂಗೆ ಮೇಡಂ?’ ಎಂದು ನಕ್ಕ. 3.50ಕ್ಕೆ ಹೊರಟುಹೋದ. ಪೊಲೀಸ್ ಜೀಪ್ 3.53ಕ್ಕೆ ಬಂತು. ಬೈಕ್ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಸಿಬ್ಬಂದಿಗೆ ಕೊಟ್ಟಿದ್ದೇನೆ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ತಾಯಿ ರೇಖಾ 5.10ಕ್ಕೆ ಅಂಗಡಿಗೆ ಬಂದರು. ಅಂಗಡಿಯ ಹಿಂದಿನ ಬಾಡಿಗೆ ಮನೆ ಅವರದು, ಅವರು ಬರುವವರೆಗೆ ಮಗು ಅಣ್ಣಮ್ಮನ ಬಳಿ ಇರುತ್ತದೆ. ಆತ ತಮ್ಮ ಗಂಡ ನರೇಂದ್ರ, ಏಟು ತಡೆಯಲಾರದೆ ಕಳೆದ ವರ್ಷ ಮನೆಯನ್ನೂ ಹಳೆಯ ಸಿಮ್ಮನ್ನೂ ಬಿಟ್ಟು ಬಂದಿದ್ದಾಗಿ, ಹೊಸ ನಂಬರನ್ನು ಶಾಲೆಗೆ ಬರೆದು ಕೊಟ್ಟಿದ್ದಾಗಿ ತಿಳಿಸಿದರು. ಮೆಸೇಜ್ ಕಳಿಸುವ ಪಟ್ಟಿಯಲ್ಲಿ ಹಳೆಯದೇ ಉಳಿದಿದೆ. ಜೊತೆಗಿದ್ದಾಗ ಅದಕ್ಕೇ ಶಾಲೆಯ ಮೆಸೇಜ್ ಬರುತ್ತಿದ್ದುದನ್ನು ನರೇಂದ್ರ ನೋಡಿದ್ದನಂತೆ. ನಾನು ಮಾಡಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ‘ಪೂರ್ತಿ ಓದ್ಬಿಟ್ರಾ ಮೇಡಂ?’ ಎಂದು ಕೇಳಿದರು. ಪೂರ್ತಿ ಎಂದೆ. ‘ಈ ಮನೇಲಿ ಐದು ತಿಂಗ್ಳು ನಿದ್ದೆ ಬರ್ತಿತ್ತು’ ಎಂದರು. ಮತ್ತೆ ಮನೆ ಹುಡುಕಬೇಕು ಎಂದು ಅಣ್ಣಮ್ಮನಿಗೆ ಹೇಳುತ್ತಿದ್ದುದನ್ನು ಕೇಳಿದೆ.

ನರೇಂದ್ರನ ಮೇಲೆ ಕ್ರಮ ಜರುಗಿಸಿ, ತಾಯಿ ಮಗುವಿಗೆ ರಕ್ಷಣೆ ಕೊಡಬೇಕೆಂದು ಕೋರುತ್ತೇನೆ. ಆತನಿಗೆ ವಿಳಾಸ ಕೊಟ್ಟವಳು ನಾನು ಎಂಬುದೂ ದಾಖಲಾಗಲಿ. ನನ್ನ ಒಂದು ನಂಬರನ್ನು ಇಷ್ಟು ಕಾಪಾಡಿಕೊಂಡವಳು ಇನ್ನೊಬ್ಬರ ಮಗುವಿನ ದಾರಿಯನ್ನು ಕೇಳಿದ ತಕ್ಷಣ ಓದಿ ಹೇಳಿದೆ.

ಎರಡನೇ ನಂಬರನ್ನು ಈಗಲೇ ರದ್ದು ಮಾಡಿಸಿ ಎಂದು ಮನೆಯವರು ಹೇಳುತ್ತಿದ್ದಾರೆ. ನಾನು ಮಾಡಿಸುವುದಿಲ್ಲ. ಬಿಟ್ಟರೆ ಅದು ಇನ್ನೊಬ್ಬರ ಕೈಗೆ ಹೋಗುತ್ತದೆ, ಆತ ಅವರಿಗೂ ಕರೆ ಮಾಡುತ್ತಾನೆ. ಅದು ನನ್ನ ಬಳಿಯೇ ಇರುತ್ತದೆ. ಇನ್ನು ಮುಂದೆ ಆ ಕರೆ ಎತ್ತಿದಾಗ ನನ್ನ ಹೆಸರು ಹೇಳುತ್ತೇನೆ.

ಮೇಲೆ ಬರೆಸಿರುವುದು ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು. ಎರಡು ಸಲ ಓದಿ ನೋಡಿದ್ದೇನೆ, ಸತ್ಯವಾಗಿದೆ. ನನ್ನ ಎರಡೂ ನಂಬರ್‌ಗಳನ್ನು ಹಿಂಬದಿಯಲ್ಲಿ ಬರೆದುಕೊಟ್ಟಿದ್ದೇನೆ.

ಸ್ಥಳ: ಬೆಂಗಳೂರು
ದಿನಾಂಕ: 18-11-2025
ಸಹಿ: ಮೈತ್ರೇಯಿ ಎ.