ಮಾಫ್ ಮಾಡೋ ಕಬ್ಬಿಣ

'ಈಳಿಗಿ ಮೊಂಡಾಗ್ಯದ, ಕೇಳಸ್ತದಿಲ್ಲರಿ?'... ಇಷ್ಟೇ ನೋಡು, ನನ್ನ ಮಹಾದೇವಮ್ಮನ ಕಡೀ ಮಾತು! ಮಂದಿ ಹೆಂಡರು ಹೋಗೋಮುಂದ ಶಿವಾ ಅಂತಾರ. ನನ್ನಾಕಿ ಈಳಿಗಿ ಅಂದಳು! ನಗು ಬಂದ್ರ ನಗು, ಬಂದೇಅಲಿ ಭಾಯಿ. ನಾನೂ ನಗಲಿಕತ್ತೀನಿ.

ತಿದಿ ಊದೋದು ನಿಲ್ಲಿಸು, ಈ ಚೀಲ ನೋಡು. ಮೂರು ಥರ ಕಬ್ಬಿಣ ತಂದೀನಿ. ಚಾಕು ನಾನೇ ಮಾಡಾಂವ. ನೀ ಬರೇ ಆರಿಸಿ ಕೊಡು... ಯಾಕ, ನನ್ನ ಕೈ ನೋಡ್ತಿ? ವಾಡಿ ಟೇಸನದಾಗ ಇಪ್ಪತ್ತು ವರ್ಸ ಗಾಡಿ ಗಾಲಿಗೆ ಸುತ್ತಿಗಿ ಬಡದ ಕೈ! ಠಣ್ ಅಂದ್ರ ಗಾಲಿ ಛಲೋ. ಥಪ್ ಅಂದ್ರ ಸೀಳು. ಕಬ್ಬಿಣ ನನಗ ಕಿವಿಯಾಗೇ ತಿಳೀತದ.

ಇದು ರೈಲು ಹಳಿಗೆ ಬಡಿಯೋ ಮೊಳಿ. ಕೇಳು... ಠಣ್ಣ್! ಏನ್ ರಾಗ! ಇದೇ ಬೇಕು... ತಲಿ ಅಲ್ಲಾಡಿಸ್ತಿ? ಹಂಗಾರ ಸಾಣಿಗೆ ಹಿಡಿ. ಅಯ್ಯ, ಕಿಡಿ ಬರೇ ಉದ್ದುದ್ದ ಗೆರಿ, ಒಂದೂ ಹೂವಾಗಿ ಸಿಡೀಲಿಲ್ಲ! ಮೆತ್ತಗದ? ಹರಿತ ನಿಲ್ಲಂಗಿಲ್ಲ?... ಹೋತು ಬಿಡು.

ಈ ಕಬ್ಬಿಣ ಉಜ್ಜೋ ಅರ? ರೈಲು ನಿಜಾಮಂದಿದ್ದಾಗಿನದು. ಸರ್ಕಾರ ಬದಲಾತು, ಇದು ಸವೀಲಿಲ್ಲ! ಅಬ್ಬಬ್ಬಾ, ಕಿಡಿ ತುಂಬ ಹೂವು! ... ಹಾಂ? ಹೊಸ ಕೈಯಾಂವ ಕಾಸಿ ನೀರಾಗ ಅದ್ದಿದ್ರ ಚಟ್ ಅಂತ ಸೀಳತದ? ತೋರಿಸಬ್ಯಾಡ, ತೋರಿಸಬ್ಯಾಡ, ನಂಬಿದೆ!

ಉಳದದ್ದು ಲಾರಿ ಕಮಾನ್ ಪಟ್ಟಿ. ದನಿ ಇಲ್ಲ, ರಾಗ ಇಲ್ಲ... ಇದಾ? ಖರೇನ? ಕೆಂಪಗ ಕಾಸಿ ಎಣ್ಣ್ಯಾಗ ಅದ್ದಿದ್ರ ಸಾಕು? ತಪ್ಪು ಮಾಡಿದ್ರೂ ಮಾಫ್ ಮಾಡ್ತದ? ಶಾಬಾಸ್! ಅಂಥಾದ್ದೇ ಬೇಕಾಗಿತ್ತು ನನಗ, ಅಂಥಾದ್ದೇ!

ಯಾಕ ಕೈ ನಿಲ್ಲಿಸಿದಿ?... ಮನಿಯಾಗ ಈಳಿಗಿ ಅದಲ್ಲ ಅಂತೀಯಾ? ಗಂಡಸು ಈಳಿಗಿ ಮುಂದ ಕುಂತು ಬದನಿಕಾಯಿ ಹೆಚ್ಚಿದ್ರ ಓಣಿ ಮಂದಿ ನಗತಾರೋ, ಅದಕ್ಕ ಚಾಕು!... ನೀ ಯಾಕ ನಗವಲ್ಲಿ? ಹಂಗ್ಯಾಕ ನೋಡ್ತಿ, ಭಾಯಿ...

ಕೇಳಿತ್ತು. ಆಕಿ ಅಂದದ್ದು ನನಗ ಕೇಳಿತ್ತು. ತಿಂಗಳಿಂದ ಅಂತಿದ್ದಳು. ಅವತ್ತೂ ಕೇಳದಂಗ ಮಾಡಿ ಡ್ಯೂಟಿಗೆ ಹೋದೆ. ಹೊಳ್ಳಿ ಬರೋದ್ರಾಗ ಒಲಿ ಮುಂದ ಒರಗಿದ್ದಳು, ಉಸರಿರಲಿಲ್ಲ. ಬಾಜೂಕ ಅದೇ ಈಳಿಗಿ.

ಮರುದಿನ ಮುಂಜಾನೆ ಅದನ್ನ ತಗೊಂಡು ನಿನ್ನ ಸಾಣಿಗೆ ಬಂದೆ. ನೀ ಹರಿತ ಮಾಡಿ ಕೊಟ್ಟಿ. ಮನಿಯಾಗ ಮಣ್ಣಿಗೆ ಒಯ್ಯೋಕಿಂತ ಮೊದಲ ಆಕೀನ ಗ್ವಾಡಿಗೆ ಆನಿಸಿ ಕುಂಡ್ರಿಸಿ, ಇಬತ್ತಿ ಹಚ್ಚಿ, ಹೂ ಹಾಕಿದ್ದರು. ಈಳಿಗಿ ಆಕಿ ಮುಂದ ಇಟ್ಟೆ. ಕುಂತು, ಒಂದು ಉಳ್ಳಾಗಡ್ಡಿ ಹೆಚ್ಚಿ ತೋರಿಸಿದೆ.