ಎರಡೆರಡು ಬಿದ್ದ ಅಕ್ಷರ

ರಿಪೇರಿ ಅಂಗಡಿಯಲ್ಲಿ ನನ್ನ ಮುಂದೆ ಒಬ್ಬಳು ಅಕ್ಕ ಮತ್ತು ಅವಳ ತಮ್ಮ, ಲ್ಯಾಪ್‌ಟಾಪ್ ಕೊಟ್ಟು ಕಾಯುತ್ತಿದ್ದರು.

"ನನ್ನ ಕೇಳ್ದೆ ನನ್ನ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಯಾಕೋ ಹಾಕ್ದೆ?"

"ನಿಧಾನ ಆಗಿತ್ತಲ್ಲಕ್ಕ. ಒಳ್ಳೇದಾಗ್ಲಿ ಅಂತ ಹಾಕ್ದೆ."

"ಒಳ್ಳೇದಾಯ್ತಾ? ಒಂದು ಕೀ ಒತ್ತಿದ್ರೆ ಎರಡೆರಡು ಅಕ್ಷರ. ಬೆಳಗ್ಗೆ ಸರ್ಕಾರಿ ಕೆಲಸದ ಆನ್‌ಲೈನ್ ಟೈಪಿಂಗ್ ಪರೀಕ್ಷೆ ಪೂರ್ತಿ ಅಳಿಸೋದ್ರಲ್ಲೇ ಮುಗೀತು."

"ಮುಂದಿನ ವರ್ಷ ಬರೀಬಹುದಲ್ವಾ?"

"ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತೆ. ಆರು ತಿಂಗಳ ಅಭ್ಯಾಸ, ಹೊಳೇಲಿ ಹುಣಸೆಹಣ್ಣು ತೊಳ್ದಂಗಾಯ್ತು."

ರಿಪೇರಿಯವನು ತಲೆಯೆತ್ತಿದ. "ಕೀಬೋರ್ಡ್ ನಡೆಸೋ ಹಳೇ ಸಾಫ್ಟ್‌ವೇರ್, ಅದೇ ಡ್ರೈವರ್, ವಾಪಸ್ ಹಾಕಿದೀನಿ ಮೇಡಂ. ಸರಿಹೋಯ್ತು. ಎರಡು ನಿಮಿಷದ ಕೆಲಸ."

"ಎರಡು ನಿಮಿಷ," ಎಂದಳು ಅಕ್ಕ, ತಮ್ಮನನ್ನೇ ದಿಟ್ಟಿಸುತ್ತ.

ತಮ್ಮ ಲ್ಯಾಪ್‌ಟಾಪ್ ಬ್ಯಾಗ್ ಎತ್ತಿಕೊಳ್ಳಲು ಕೈ ಚಾಚಿದ.

"ಮುಟ್ಬೇಡ. ನೀನು ಬಸ್ಸಲ್ಲಿ ಹೋಗು, ನಾನು ನಡ್ಕೊಂಡ್ ಬರ್ತೀನಿ."

ಅವಳು ಹೊರಟಳು. ಬಸ್ಸು ಬಂದರೂ ಅವನು ಹತ್ತಲಿಲ್ಲ. ಅವಳಿಗಿಂತ ಹತ್ತು ಹೆಜ್ಜೆ ಹಿಂದೆ ನಡೆದೇ ಹೋದ.