ಪೆಟ್ಟಿಗೆಯಲ್ಲಿ ಒಂದು ಕಾಗದ ಹೆಚ್ಚು

ಇದು ನನ್ನ ಚಿಕ್ಕಮ್ಮನ ಮಗಳು ಇಶ್ಬೆಲ್‌ಗೆ ಆದದ್ದು. ಅವರಿವರು ಹೇಳಿದ್ದಲ್ಲ... ಅವಳ ಬಾಯಿಂದಲೇ ಕೇಳಿದ್ದು.

ಡಿಸೆಂಬರ್ ತಿಂಗಳು. ಸ್ಕಾಟ್ಲೆಂಡಿನ ಈ ಉತ್ತರದ ತುದಿಯಲ್ಲಿ ಆಗ ಮೂರೂವರೆಗೇ ಕತ್ತಲು. ಬುಧವಾರ ಇಶ್ಬೆಲ್ ಪತ್ರಾಗಾರದ ಕೆಲಸ ಮುಗಿಸಿ, ಹಳೇ ಪಾದ್ರಿಮನೆಯ ಬಾವಿ ದಾಟಿ ಮನೆಗೆ ಹೊರಟಿದ್ದಳು. ಹಿಂದೆ ಸದ್ದು. ಟಕ್... ಟಕ್... ಮರದ ಅಟ್ಟೆಯ ಮೆಟ್ಟು ಕಲ್ಲಿಗೆ ತಾಗಿದ ಹಾಗೆ. ಅವಳು ನಿಂತಳು. ಸದ್ದೂ ನಿಂತಿತು.

ಅವಳಿಗೆ ಭಯವಾಗಲಿಲ್ಲ. ಸಿಟ್ಟು ಬಂತು.

"ಮೇಷ್ಟ್ರೇ, ನೀವೇ ಅಂತ ಗೊತ್ತು. ಯಾಕೆ ಹಿಂದೆ ಬರ್ತಿದೀರಿ?"

ಬಾವಿಯೊಳಗೆ ಒಂದು ಹನಿ ಬಿತ್ತು... ತೊಟ್.

ಮೇಷ್ಟ್ರು ಅಂದರೆ ಮುರ್ಡೊ ಮೇಷ್ಟ್ರು. ಇಶ್ಬೆಲ್‌ಗೆ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತಿಯಾದ ಮೇಲೆ ದಿನಾ ಪತ್ರಾಗಾರಕ್ಕೆ ಬಂದು, ಕಿಟಕಿ ಪಕ್ಕ ಕೂತು, ಒಂದೇ ಪೆಟ್ಟಿಗೆ ತೆಗೆಸಿ ಓದುತ್ತಿದ್ದರು. ಇನ್ನೂರು ವರ್ಷದ ಹಿಂದೆ ಆ ಪಾದ್ರಿಮನೆಯಲ್ಲಿದ್ದ ಪಾದ್ರಿಯ ಕಾಗದಪತ್ರಗಳ ಪೆಟ್ಟಿಗೆ. ಅದರಲ್ಲಿ ಆ ಮನೆಯ ಕೆಲಸದವಳು ಗ್ರಿಜೆಲ್, ಹಡಗು ಹತ್ತಿ ಕೆನಡಾಕ್ಕೆ ಹೋದ ಅಣ್ಣನಿಗೆ ಬರೆದ ಕಾಗದಗಳೂ ಇದ್ದವು. ಅಂಚೆಗೆ ಹಾಕಿ ಅಂತ ಅವಳು ಪಾದ್ರಿಯ ಕೈಗೆ ಕೊಡುತ್ತಿದ್ದಳು. ಅವನು ಒಂದನ್ನೂ ಹಾಕಿರಲಿಲ್ಲ. ಯಾಕೋ ಯಾರಿಗೂ ಗೊತ್ತಿಲ್ಲ. ಎಲ್ಲವನ್ನೂ ತೆಗೆದಿಟ್ಟುಕೊಂಡಿದ್ದ.

ಪಟ್ಟಿಯ ಪ್ರಕಾರ ಗ್ರಿಜೆಲ್‌ಳ ಕಾಗದ ಹತ್ತೊಂಬತ್ತು. ಆ ಸೋಮವಾರ ಸಂಜೆ ಇಶ್ಬೆಲ್ ಎಣಿಸಿದಾಗ ಇಪ್ಪತ್ತು. ಮಂಗಳವಾರ ಇಪ್ಪತ್ತೊಂದು. ಬುಧವಾರ... ಇಪ್ಪತ್ತೆರಡು.

ಪತ್ರಾಗಾರದಲ್ಲಿ ಕಾಗದ ಕಮ್ಮಿಯಾದರೆ ಕಳ್ಳತನ. ಹೆಚ್ಚಾದರೆ? ಯಾರೋ ನಕಲಿ ಬರೆದು ತಂದು ಸೇರಿಸುತ್ತಿದ್ದಾರೆ ಅಂತಲೇ ಅರ್ಥ. ಮಂಗಳವಾರವೇ ಮೇಲಧಿಕಾರಿ ಮಿಸೆಸ್ ರ‍್ಯಾಂಕಿನ್ ಇಶ್ಬೆಲ್‌ನ ಕರೆದು ಬಾಗಿಲು ಹಾಕಿಕೊಂಡರು.

"ನಕಲಿ ಸೇರಿದೆ ಅಂತ ಹೊರಗೆ ಗೊತ್ತಾದ್ರೆ ನಮ್ಮ ಯಾವ ಪೆಟ್ಟಿಗೇನೂ ಯಾರೂ ನಂಬಲ್ಲ. ಇಲ್ಲಿಗೆ ಬರೋರು ನಿಮ್ಮ ಮೇಷ್ಟ್ರೊಬ್ಬರೇ ತಾನೇ? ಇನ್ನೇನು ನೋಡ್ತಿದೀಯಾ?"

ಆಮೇಲೆ ಇಶ್ಬೆಲ್‌ಗೆ ಮೇಷ್ಟ್ರು ಮಾಡಿದ್ದೆಲ್ಲ ಅನುಮಾನವೇ. ಕೋಟು ಯಾಕೆ ಬಿಚ್ಚಲ್ಲ? ಎದೆಯ ಜೇಬಿಗೆ ಪದೇ ಪದೇ ಕೈ ಯಾಕೆ? ಗುರುವಾರ ತಡೆಯಲಾಗದೆ ಎದುರು ಹೋಗಿ ನಿಂತಳು.

"ಮೇಷ್ಟ್ರೇ, ಜೇಬು ತೋರಿಸಿ."

ಜೇಬಿನಲ್ಲಿದ್ದದ್ದು ಎರಡು ಓಟ್ಸ್ ಬಿಸ್ಕತ್ತು, ಒದ್ದೆ ಕರ್ಚೀಫು. ಮೇಷ್ಟ್ರು ನಗಲು ನೋಡಿದರು.

"ಕದ್ದುಕೊಂಡು ಹೋಗೋ ಕಳ್ಳನ್ನ ಕೇಳಿದೀನಿ. ತಂದಿಟ್ಟು ಹೋಗೋ ಕಳ್ಳನ್ನ ನೀನೇ ಕಂಡುಹಿಡಿದೆ ನೋಡಮ್ಮ."

"ತಮಾಷೆ ಬೇಡ. ನಾಳೆಯಿಂದ ಬರಬೇಡಿ."

ಅವರ ಕಿವಿ ಕೆಂಪಾಯಿತು. ಟೋಪಿ ಹಾಕಿಕೊಂಡು ಹಿಮದ ಮಳೆಯಲ್ಲಿ ಹೊರಟುಹೋದರು.

ಆ ಸಂಜೆ ಇಶ್ಬೆಲ್ ತಾನೇ ಎಣಿಸಿದಳು. ಇಪ್ಪತ್ತೆರಡು. ತಾನೇ ದಾರ ಕಟ್ಟಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದಕೈ ಮನೆಗೆ ಒಯ್ದಳು.

ಶುಕ್ರವಾರ ಬೆಳಿಗ್ಗೆ ತೆಗೆದಳು. ಗಂಟು ಹಾಕಿದ ಹಾಗೇ ಇತ್ತು. ಬಿಚ್ಚಿ ಎಣಿಸಿದಳು... ಇಪ್ಪತ್ತಮೂರು.

ಮೇಲಿನದರ ಶಾಯಿ ಒಣಗಿರಲಿಲ್ಲ. ಮುಟ್ಟಿದರೆ ಬೆರಳೆಲ್ಲ ಕಪ್ಪು. ಅದೇ ಗ್ರಿಜೆಲ್‌ಳ ಓರೆ ಅಕ್ಷರ.

"ಅಣ್ಣಾ, ನನ್ನ ಕಾಗದ ಓದುತ್ತಿದ್ದ ಮುದುಕರನ್ನು ಆ ಹುಡುಗಿ ನಿನ್ನೆ ಹೊರಗೆ ಹಾಕಿದಳು. ಅವರದ್ದೇನೂ ತಪ್ಪಿಲ್ಲ. ನೀನೇಕೆ ನನಗೆ ಉತ್ತರ ಬರೆಯುವುದಿಲ್ಲ?"

ಆಗಲೂ ಇಶ್ಬೆಲ್‌ಗೆ ಅನುಮಾನ ಹೋಗಲಿಲ್ಲ. ಮೇಷ್ಟ್ರ ಹತ್ತಿರ ಇನ್ನೊಂದು ಬೀಗದಕೈ ಇರಬೇಕು, ಇವತ್ತು ಮನೆಗೇ ಹೋಗಿ ಹಿಡೀತೀನಿ ಅಂತ ಸಂಜೆ ಹೊರಟಳು.

ಬಾವಿ ಹತ್ತಿರ ಬಂತು. ಟಕ್... ಟಕ್... ಈ ಸಲ ಅವಳು ನಿಂತರೂ ಸದ್ದು ನಿಲ್ಲಲಿಲ್ಲ. ಪಕ್ಕಕ್ಕೇ ಬಂತು. ಕಿವಿಯ ಹತ್ತಿರ ತಣ್ಣನೆ ಉಸಿರು. ಹೆಂಗಸಿನ ದನಿ.

"ಅಂಚೆ... ಹೋಯ್ತಾ?"

"ಯಾ... ಯಾವ ಅಂಚೆ?"

"ಅಣ್ಣಂಗೆ."

ಇಶ್ಬೆಲ್‌ಗೆ ಕತ್ತು ತಿರುಗಿಸುವ ಧೈರ್ಯವಿಲ್ಲ.

"ಉತ್ತರ... ಬಂತಾ?"

ಅವಳು ಓಡಿದಳು. ಬಾಗಿಲು ತೆಗೆದ ಮೇಷ್ಟ್ರು ಅವಳ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಳಗೆ ಕೂರಿಸಿ, ಟೀಗೆ ಒಂದಿಷ್ಟು ವಿಸ್ಕಿ ಸುರಿದು ಕೈಗಿಟ್ಟರು. ಅವಳು ಎಲ್ಲ ಹೇಳಿ ಮುಗಿಸಿದಳು.

"ತಪ್ಪಾಯ್ತು ಮೇಷ್ಟ್ರೇ. ನಿಮ್ಮನ್ನ ಕಳ್ಳ ಅಂದೆ."

"ಕುಡಿ ಮೊದಲು." ಒಲೆಯ ಬೆಂಕಿಗೆ ಇನ್ನೊಂದು ಕೊರಡು ಇಟ್ಟರು. "ಆ ಅಣ್ಣ ನಮ್ಮ ವಂಶದೋನು ಕಣಮ್ಮ. ತಂಗಿ ಒಂದು ಸಾಲೂ ಬರೀಲಿಲ್ಲ, ನಾನು ಬರೆದಿದ್ದಕ್ಕೂ ಉತ್ತರ ಇಲ್ಲ ಅಂತ ಸಾಯೋವರೆಗೂ ಕೊರಗಿದ್ನಂತೆ. ನಮ್ಮಜ್ಜಿ ಹೇಳ್ತಿದ್ಳು. ಅವಳು ಬರೆದಿದ್ಳು ಅನ್ನೋದು ನಂಗೂ ಆ ಪೆಟ್ಟಿಗೆ ತೆಗೆಸಿದ ಮೇಲೇ ಗೊತ್ತಾದದ್ದು. ಓದೋಕೆ ಕೂತ್ರೆ ಕಣ್ಣೀರು ನಿಲ್ತಿರಲಿಲ್ಲ."

"ಅವಳಿಗೆ ಇದ್ಯಾವುದೂ..."

"ಗೊತ್ತಿಲ್ಲ. ಅಣ್ಣ ಮರೆತ ಅಂದುಕೊಂಡೇ ಹೋದಳು."

ಮರುದಿನ ಶನಿವಾರ. ರಜೆಯಾದರೂ ಇಬ್ಬರೂ ಪತ್ರಾಗಾರಕ್ಕೆ ಹೋದರು. ಇಶ್ಬೆಲ್ ಪ್ರಿಂಟರಿನಿಂದ ಒಂದು ಬಿಳಿ ಹಾಳೆ ಎಳೆದಳು. ಮೇಷ್ಟ್ರು ಹೇಳಿದರು, ಅವಳು ಬರೆದಳು.

"ಗ್ರಿಜೆಲ್, ನಿನ್ನ ಕಾಗದ ನಿನ್ನ ಅಣ್ಣನಿಗೆ ತಲುಪಲಿಲ್ಲ. ಅವನದೂ ನಿನಗೆ ತಲುಪಲಿಲ್ಲ. ಅವನು ನಿನ್ನನ್ನು ಮರೆತಿರಲಿಲ್ಲ. ಕೊನೆಯವರೆಗೂ ಕಾಯುತ್ತಿದ್ದ."

ಮಡಿಸಲಿಲ್ಲ. ಹಾಳೆಯನ್ನು ಹಾಗೇ ಅಗಲವಾಗಿ ಕಾಗದಗಳ ಮೇಲಿಟ್ಟು, ದಾರ ಕಟ್ಟಿ, ಬೀಗ ಹಾಕಿದರು.

ಸೋಮವಾರ ಇಬ್ಬರೂ ಜೊತೆಗೇ ನಿಂತು ತೆಗೆದರು. ಹೊಸ ಕಾಗದ ಯಾವುದೂ ಬಂದಿರಲಿಲ್ಲ. ಇಶ್ಬೆಲ್‌ಳ ಹಾಳೆ ಅಲ್ಲೇ ಇತ್ತು. ಆದರೆ ಯಾರೋ ಅದನ್ನು ಅಂಗೈ ಅಗಲಕ್ಕೆ ಮಡಿಸಿದ್ದರು. ಬಿಡಿಸಿದರೆ... ಮಡಿಕೆಗಳೆಲ್ಲ ಕಂದಾಗಿ ಸವೆದು, ಮೂಲೆಗಳಲ್ಲಿ ಹರಿದು ಹೋಗಿದ್ದವು. ಬೆರಳು ಆಡಿ ಆಡಿ "ಮರೆತಿರಲಿಲ್ಲ" ಅನ್ನುವಲ್ಲಿ ಅಕ್ಷರ ಮಾಸಿತ್ತು. ನಲವತ್ತು ವರ್ಷ ಎದೆಯ ಹತ್ತಿರ ಇಟ್ಟುಕೊಂಡು, ದಿನಾ ತೆಗೆದು ಓದಿ, ಮತ್ತೆ ಮಡಿಸಿಟ್ಟ ಹಾಗೆ.

ನಂಬದಿದ್ದರೆ ಬಿಡಿ. ಆ ಹಾಳೆಯನ್ನ ನಾನೇ ಕೈಯಲ್ಲಿ ಹಿಡಿದು ನೋಡಿದೀನಿ. ಪ್ರಿಂಟರಿಗೆ ಹಾಕೋ ಆ ಬಿಳಿ ಹಾಳೆಗಳ ಹೊಸ ಕಟ್ಟನ್ನ ಇಶ್ಬೆಲ್ ಒಡೆದದ್ದು ಅದರ ಹಿಂದಿನ ಗುರುವಾರವಷ್ಟೇ.